ಟ್ರಾಲಿಗೆ ಒಂದಲ್ಲ, ಮೂರು ಪೆಟ್ಟಿಗೆ ಮಾಡಿಸಿ

ಪವರ್ ಸ್ಪ್ರೇಯರ್, ಬ್ರಷ್ ಕಟರ್, ಡ್ರಿಪ್ ಸಾಮಾನು ಅಂತ ಒಂದೊಂದಕ್ಕೂ ಸಾವಿರಾರು ರೂಪಾಯಿ ಸುರೀತೀವಿ. ಆಮೇಲೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಟ್ರಾಲಿ ಮೂಲೆಗೆ ಎಸೆದು, ಗುಂಡಿ ಬಿದ್ದ ದಾರಿಯಲ್ಲಿ ಕುಲುಕಿಸ್ಕೊಂಡು ತೋಟಕ್ಕೆ ಹೋಗ್ತೀವಿ. ಹೋಗಿ ನೋಡಿದ್ರೆ ಸ್ಪ್ರೇಯರ್ ಗನ್ ಬಗ್ಗಿರುತ್ತೆ, ಡ್ರಿಪ್ ಜಾಯಿಂಟರ್ ಕಾಣೆಯಾಗಿರುತ್ತೆ, ಪೆಟ್ರೋಲ್ ಕ್ಯಾನ್ ಸೋರಿ ಚೀಲವೆಲ್ಲಾ ವಾಸನೆ. ಮುಂದಿನ ಯಂತ್ರ ಕೊಳ್ಳೋ ಮೊದಲು ಪೆಟ್ಟಿಗೆ ಮಾಡಿಸಿ ಅನ್ನೋದು ನನ್ನ ಮಾತು. ಅದೂ ಒಂದಲ್ಲ, ಮೂರು.

ಒಂದೇ ದೊಡ್ಡ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಟ್ರಾಲಿಗೇ ವೆಲ್ಡಿಂಗ್ ಹಾಕಿಸಿಬಿಡೋಣ ಅಂತ ಬಹಳ ಜನಕ್ಕೆ ಅನ್ಸುತ್ತೆ. ನಾನಂತೂ ಬೇಡ ಅಂತೀನಿ. ಬೆಳಿಗ್ಗೆ ಗೊಬ್ಬರ ಹೊತ್ತ ಟ್ರಾಲಿಯೇ ಸಂಜೆ ಟೊಮೆಟೊ ಕ್ರೇಟ್ ಹೊರಬೇಕು. ಇಳಿಸೋಕೆ ಆಗದ ಪೆಟ್ಟಿಗೆ ಸುಗ್ಗಿ ದಿನ ಬರೀ ಜಾಗ ತಿನ್ನುತ್ತೆ. ತೂಕವೂ ನೋಡಿ: 8×4 ಅಡಿಯ 16 ಗೇಜ್ ತಗಡು ಸುಮಾರು 37 ಕೆಜಿ. ಅದೇ ಅಳತೆಯ 12 ಮಿ.ಮೀ. ಪ್ಲೈವುಡ್ 23 ಕೆಜಿ ಆಸುಪಾಸು. ಇಬ್ಬರು ಎತ್ತಿ ಇಳಿಸೋ ಹಾಗಿರಬೇಕು ಅಂದ್ರೆ ಪ್ಲೈವುಡ್ಡೇ ಸರಿ.

ಮೂರು ಯಾಕೆ? ಸಾಮಾನನ್ನ ಗಾತ್ರ ನೋಡಿ ಬೇರೆ ಮಾಡಬೇಡಿ. ಯಾವುದು ಯಾವುದನ್ನ ಮುಟ್ಟಬಾರದು ಅಂತ ನೋಡಿ. ಎಂಜಿನ್ ಇರೋದು, ಎಣ್ಣೆ ಅಂಟೋದು, ಔಷಧಿ ಮುಟ್ಟಿದ್ದು ಮೊದಲನೇದಕ್ಕೆ. ವಾಷರ್, ಜಾಯಿಂಟರ್, ಫಿಲ್ಟರ್ ಥರದ ರಬ್ಬರ್, ಪ್ಲಾಸ್ಟಿಕ್ ಎರಡನೇದಕ್ಕೆ. ಬಿಸಿಲು, ಪೆಟ್ರೋಲ್ ಎರಡೂ ರಬ್ಬರಿಗೆ ಆಗಿಬರಲ್ಲ. ಕೊಯ್ಲಿನ ಚಾಕು, ತಕ್ಕಡಿ, ಕೈಗವಸು, ಪ್ಯಾಕಿಂಗ್ ಕವರ್ ಮೂರನೇದಕ್ಕೆ. ಸಾವಯವ ಅಂತ ಹೇಳಿ ಮಾರೋರಿಗೆ ಈ ಮೂರನೇ ಪೆಟ್ಟಿಗೆಯೇ ಮುಖ್ಯ. ವರ್ಷವಿಡೀ ಹೊಲದಲ್ಲಿ ಕಾಪಾಡಿದ್ದನ್ನ ಎಣ್ಣೆ ಮೆತ್ತಿದ ಚಾಕು, ಪಕ್ಕದ ತೋಟದ ಔಷಧಿ ಹೊಡೆದು ಬಂದ ಬಾಡಿಗೆ ಸ್ಪ್ರೇಯರ್ ಹತ್ತೇ ನಿಮಿಷದಲ್ಲಿ ಕೆಡಿಸಬಹುದು.

ಅಳತೆಗೆ ಬಡಗಿ ಹತ್ರ ಓಡೋ ಮೊದಲು ಟಾರ್ಪಾಲಿನ್ ಹಾಸಿ ಸಾಮಾನೆಲ್ಲ ಜೋಡಿಸಿ, ಪಕ್ಕದಲ್ಲಿ ಟೇಪ್ ಇಟ್ಟು ಮೊಬೈಲಲ್ಲಿ ಫೋಟೋ ತೆಗೀರಿ. ಮೊದಲ ಪೆಟ್ಟಿಗೆ ಉದ್ದ ಎಷ್ಟು ಅಂತ ಬ್ರಷ್ ಕಟರ್ರೇ ಹೇಳುತ್ತೆ, ಅದು ಸುಮಾರು ಆರಡಿ. ಆರೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಹಿಂದೆ 18 ಇಂಚು, ಮುಂದೆ 12 ಇಂಚು ಎತ್ತರ ಇಟ್ಟರೆ 8×4ರ ಎರಡು ಹಾಳೆಯಲ್ಲಿ ಮುಗಿಯುತ್ತೆ. ಮಿಕ್ಕ ಪಟ್ಟಿಯಲ್ಲಿ ಒಳಗಿನ ತಡಿಕೆಯೂ ಆಗುತ್ತೆ. ಮುಚ್ಚಳ ಇಳಿಜಾರು ಇರಲಿ ಅಂದಿದ್ದು ಮಳೆನೀರಿಗಷ್ಟೇ ಅಲ್ಲ. ಮಟ್ಟಸ ಮುಚ್ಚಳ ಕಂಡರೆ ಕೂಲಿಗೆ ಬಂದವರು, ಮಕ್ಕಳು ಬೆಂಚು ಅಂತ ಹತ್ತಿ ಕೂರ್ತಾರೆ. ಓಡೋ ಟ್ರಾಲಿಯಲ್ಲಿ ಯಾರೂ ಕೂರಬಾರದು.

ಪ್ಲೈವುಡ್ ಕೊಳ್ಳುವಾಗ ಐಎಸ್ 710 ಅಂತ ಮುದ್ರೆ ಇರೋ ಮೆರೈನ್ ಪ್ಲೈ ಕೇಳಿ. ಅಗ್ಗದ ಕಮರ್ಷಿಯಲ್ ಪ್ಲೈ ಒಂದು ಮಳೆಗಾಲಕ್ಕೇ ಪದರ ಬಿಡುತ್ತೆ. ಮೆರೈನ್ ಆದ್ರೂ ಕತ್ತರಿಸಿದ ಅಂಚಿಗೆ ಎರಡು ಕೋಟ್ ಪೇಂಟ್ ಬೇಕೇ ಬೇಕು. ಅಡಿಗೆ ಎರಡು ರೀಪು ಹೊಡೆಸಿ, ಟ್ರಾಲಿ ತಳದ ನೀರು ಪೆಟ್ಟಿಗೆ ಮುಟ್ಟಲ್ಲ. ಮೊದಲ ಪೆಟ್ಟಿಗೆಗೆ ತಳದ ಹತ್ರವೂ ಗಾಳಿ ತೂತು ಕೊರೆಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತೆ. ಪೆಟ್ರೋಲ್ ಕ್ಯಾನ್ ಮಾತ್ರ ಯಾವ ಪೆಟ್ಟಿಗೆಗೂ ಬೇಡ, ಹೊರಗೆ ನಿಲ್ಲಿಸಿ ಕಟ್ಟಿ.

ಎರಡು ಚಕ್ರದ ಟ್ರಾಲಿಯಾದ್ರೆ ಭಾರದ ಪೆಟ್ಟಿಗೆ ಆಕ್ಸಲ್ ಮೇಲೆ, ತುಸು ಮುಂದಕ್ಕೆ. ಹಿಂದೆ ಇಟ್ಟರೆ ಕೊಂಡಿ ಮೇಲಕ್ಕೆ ಎಳೆಯುತ್ತೆ, ಟ್ರ್ಯಾಕ್ಟರ್ ಹಿಂಗಾಲಿನ ಹಿಡಿತ ಕಮ್ಮಿಯಾಗುತ್ತೆ. ಹಗ್ಗ ಕುಲುಕಾಟಕ್ಕೆ ಸಡಿಲ ಬೀಳುತ್ತೆ, ರ್‍ಯಾಚೆಟ್ ಬೆಲ್ಟ್ ತಗೊಳ್ಳಿ.

ಹಾಯಿದೋಣಿಯನ್ನ ಟ್ರೇಲರ್ ಮೇಲೆ ಒಯ್ಯೋರಿಗೂ ಇದೇ ತಲೆನೋವು. ಹಗ್ಗ, ಹಾಯಿ, ಚುಕ್ಕಾಣಿ ಪೆಟ್ಟಿಗೆಗೆ ಹೋಗುತ್ತೆ, ಉದ್ದದ ಕಂಬ ಮಾತ್ರ ಹೋಗಲ್ಲ. ನಮಗೆ ಆ ಕಂಬ ಅಂದ್ರೆ 20 ಅಡಿ ಪಿವಿಸಿ ಪೈಪು. ಟ್ರಾಲಿಯಿಂದ ಹಿಂದಕ್ಕೆ ಚಾಚಿದ ಪೈಪು ಕತ್ತಲಲ್ಲಿ ಬೈಕಿನವನ ಕಣ್ಣಿಗೆ ಬೀಳಲ್ಲ. 2019ರ ತಿದ್ದುಪಡಿ ಪ್ರಕಾರ ಹೀಗೆ ಹೊರಚಾಚಿದ ಲೋಡಿಗೆ ದಂಡ 20,000 ರೂಪಾಯಿ. ಅಂಗಡಿಯಲ್ಲೇ ಎರಡು ತುಂಡು ಮಾಡಿಸಿ, ಹೊಲದಲ್ಲಿ ಕಪ್ಲರ್ ಹಾಕಿ. ಒಂದು ಕಪ್ಲರ್ ಖರ್ಚು ನೋಡಿ ಹಿಂದೆ ಮುಂದೆ ನೋಡೋರನ್ನ ಕಂಡರೆ ನನಗೆ ಸಿಟ್ಟೇ ಬರುತ್ತೆ.

ಮೂರಕ್ಕೂ ಒಟ್ಟಿಗೆ ದುಡ್ಡಿಲ್ಲ ಅಂದ್ರೆ ಮೂರನೇದರಿಂದ ಶುರು ಮಾಡಿ. ಅದಕ್ಕೆ ಪ್ಲೈವುಡ್ಡೂ ಬೇಕಿಲ್ಲ, ಮುಚ್ಚಳ ಬಿಗಿಯಾಗಿ ಕೂರೋ, ತೊಳೆಯೋಕೆ ಬರೋ ಪ್ಲಾಸ್ಟಿಕ್ ಡಬ್ಬಿ ಸಾಕು. ಎಂಜಿನ್ ಪೆಟ್ಟಿಗೆ ಮುಂದಿನ ಫಸಲು ಮಾರಿದ ಮೇಲೆ ಮಾಡಿಸಿದ್ರೂ ನಡೆಯುತ್ತೆ.