ಖಾಲಿ ಬೆಂಚು, ಬೆಣಚುಕಲ್ಲು

"ಸಾರ್, ಅವ್ನು ಬರಂಗಿಲ್ಲ. ವಜ್ರ ಹುಡುಕಾಕೆ ಹೋಗ್ಯಾನ."

ಶಾಲೆ ತೆರೆದ ಎರಡನೇ ದಿನ ಏಳನೇ ತರಗತಿಯ ಹಾಜರಿ ಕರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಬಂದ ಉತ್ತರ ಇದು. ಯಾರೂ ನಗಲಿಲ್ಲ. ನಮ್ಮ ಆದವಾನಿ, ಆಲೂರು ಕಡೆ "ಜ್ವರ ಬಂದೈತೆ", "ಗುಂಟೂರಿಗೆ ಮೆಣಸಿನಕಾಯಿ ಬಿಡಿಸಾಕೆ ಹೋಗ್ಯಾರ" ಅನ್ನುವಷ್ಟೇ ಸಹಜವಾಗಿ ಇದೂ ಒಂದು ಗೈರುಹಾಜರಿಯ ಕಾರಣ. ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆದು ಮುಂದಿನ ಹೆಸರು ಕರೆದೆ. ಆ ದಿನ ಮೂವತ್ತೊಂದು ಮಕ್ಕಳಲ್ಲಿ ಒಂಬತ್ತು ಮಂದಿ ಇರಲಿಲ್ಲ.

ಕಾಸರಗೋಡಿನ, ಅಕ್ಕಲಕೋಟೆಯ ಶಿಕ್ಷಕ ಮಿತ್ರರಿಗೆ ಇದು ವಿಚಿತ್ರ ಅನ್ನಿಸಬಹುದು. ಸ್ವಲ್ಪ ವಿವರಿಸುತ್ತೇನೆ. ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ, ಪಗಿಡಿರಾಯಿ, ಮದ್ದಿಕೆರ, ಅತ್ತ ಅನಂತಪುರ ಜಿಲ್ಲೆಯ ವಜ್ರಕರೂರು. ಈ ಊರುಗಳ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಜನ ಇಳಿಯುತ್ತಾರೆ. ಮಳೆಗೆ ಮೇಲಿನ ನುಣ್ಣನೆ ಮಣ್ಣು ತೊಳೆದು ಹೋಗುತ್ತದೆ, ಕಲ್ಲುಗಳು ಮೇಲೆ ಉಳಿಯುತ್ತವೆ, ಬಿಸಿಲು ಬಿದ್ದರೆ ಅವುಗಳಲ್ಲಿ ಕೆಲವು ಮಿಂಚುತ್ತವೆ. ಗುದ್ದಲಿ ಬೇಡ, ಪಿಕಾಸಿ ಬೇಡ. ಬೆನ್ನು ಬಗ್ಗಿಸಿ ಬೆಳಗಿನಿಂದ ಸಂಜೆವರೆಗೆ ನಡೆಯುವುದಷ್ಟೇ ಕೆಲಸ. ಅನಂತಪುರದಿಂದ, ಬಳ್ಳಾರಿ ಕಡೆಯಿಂದಲೂ ಬರುತ್ತಾರೆ. ಗಂಡ, ಹೆಂಡತಿ, ಮಕ್ಕಳು, ಅಕ್ಕಿ ಚೀಲ, ಪಾತ್ರೆ ಸಮೇತ. ಮರದ ಕೆಳಗೋ ಗುಡಿ ಕಟ್ಟೆ ಮೇಲೋ ವಸತಿ. ಬಿತ್ತನೆಗೆ ಹದ ಮಾಡಿದ ಹೊಲವನ್ನು ತುಳಿಯುತ್ತಾರೆಂದು ಅಲ್ಲಿಯ ರೈತರು ಒಳಗೆ ಬರಬೇಡಿ ಎಂದು ಬೋರ್ಡು ಹಾಕಿದ್ದೂ ಉಂಟು.

ವಜ್ರ ಇರುವುದು ಸುಳ್ಳಲ್ಲ. ಸುಮಾರು 110 ಕೋಟಿ ವರ್ಷಗಳ ಹಿಂದೆ ಭೂಮಿಯ 150 ಕಿಲೋಮೀಟರಿಗೂ ಆಳದಿಂದ ಕಿಂಬರ್ಲೈಟ್ ಎಂಬ ಶಿಲಾರಸ ವಜ್ರಕರೂರಿನ ಸುತ್ತ ಉಕ್ಕಿ ಬಂತು. ಬರುವಾಗ ಕೆಲವು ಕಡೆ ವಜ್ರಗಳನ್ನೂ ಹೊತ್ತು ತಂದಿತು. ಮೇಲಿನ ಬಂಡೆ ಸವೆದು ಮಣ್ಣಾಯಿತು, ವಜ್ರ ಸವೆಯಲಿಲ್ಲ, ಹಳ್ಳ ಹೊಲಗಳಲ್ಲಿ ಚೆದುರಿತು. ಆದ್ದರಿಂದ ಒಂದೊಂದು ವರ್ಷ ಒಬ್ಬಿಬ್ಬರಿಗೆ ಸಿಗುತ್ತದೆ. ನನ್ನ ತಕರಾರು ಅದರ ಬಗ್ಗೆ ಅಲ್ಲ.

ನನ್ನ ತಕರಾರು ಈ ಹುಡುಕಾಟವನ್ನು ಹಬ್ಬ ಮಾಡಿದವರ ಬಗ್ಗೆ. ಪ್ರತಿ ಜೂನಿನಲ್ಲಿ ಟಿವಿಯವರು ಬರುತ್ತಾರೆ. ಕೂಲಿಯವನ ಬಾಳು ಬೆಳಗಿತು, ರಾತ್ರೋರಾತ್ರಿ ಲಕ್ಷಾಧಿಪತಿ ಅಂತ ಕೆಂಪು ಅಕ್ಷರ ಓಡುತ್ತದೆ. ಕಲ್ಲು ಸಿಕ್ಕ ಒಬ್ಬನನ್ನು ತೋರಿಸುತ್ತಾರೆ. ಅದೇ ಹೊಲದಲ್ಲಿ ಇಪ್ಪತ್ತು ದಿನ ಬಗ್ಗಿ ಬರಿಗೈಲಿ ವಾಪಸು ಬಂದವಳ ಮುಖದ ಮುಂದೆ ಯಾವ ಮೈಕನ್ನೂ ಹಿಡಿಯುವುದಿಲ್ಲ. ಮರುದಿನ ನಮ್ಮೂರಿನ ಆಟೋಗಳು ಪತ್ತಿಕೊಂಡದ ದಾರಿ ಹಿಡಿಯುತ್ತವೆ.

ಲೆಕ್ಕ ಹಾಕೋಣ, ಏಳನೇ ತರಗತಿಯ ಲೆಕ್ಕವೇ ಸಾಕು. ಮಧ್ಯಪ್ರದೇಶದ ಪನ್ನಾದಲ್ಲಿ ಮಝಗವಾನ್ ಎಂಬ ಯಂತ್ರದ ವಜ್ರಗಣಿ ಇದೆ. ವಜ್ರ ಇದೆ ಎಂದು ಖಚಿತವಾದ ಬಂಡೆಯನ್ನೇ ಅಲ್ಲಿ ಒಡೆಯುತ್ತಾರೆ. ಆದರೂ 100 ಟನ್ನಿಗೆ ಸಿಗುವುದು ಸರಾಸರಿ 10 ಕ್ಯಾರೆಟ್. ಅಂದರೆ 10 ಟನ್ ಕಲ್ಲು ಪುಡಿ ಮಾಡಿದರೆ 1 ಕ್ಯಾರೆಟ್, ಎಂದರೆ 0.2 ಗ್ರಾಂ. ಐದು ಕೋಟಿಗೆ ಒಂದು ಪಾಲು. ಇದು ಗಣಿಯ ಲೆಕ್ಕ. ಚೆದುರಿ ಹೋದ ಹೊಲದಲ್ಲಿ ಬರಿಗಣ್ಣಿನಿಂದ ಹುಡುಕುವವನ ಲೆಕ್ಕ ಎಷ್ಟಾಗಬಹುದು ನೀವೇ ಹೇಳಿ. ಈಗ ಇನ್ನೊಂದು ಕಡೆ, ಗಂಡ ಹೆಂಡತಿ ಇಬ್ಬರ ಕೂಲಿ ದಿನಕ್ಕೆ 600 ರೂಪಾಯಿ ಅಂತ ಹಿಡಿಯಿರಿ. ಇಪ್ಪತ್ತು ದಿನಕ್ಕೆ 12,000. ಅದಕ್ಕೆ ಆಟೋ ಬಾಡಿಗೆ, ಊಟದ ಖರ್ಚು, ಸಾಲ ಮಾಡಿದ್ದರೆ ಅದರ ಬಡ್ಡಿ ಸೇರಿಸಿ. ಈ ದುಡ್ಡು ಹೋಗುವುದು ಖಂಡಿತ.

ಸರಿ, ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಸಿಕ್ಕವನ ಕೈಯಲ್ಲಿ ತಕ್ಕಡಿ ಇಲ್ಲ, ಭೂತಗನ್ನಡಿ ಇಲ್ಲ, ಕೇಳಿ ತಿಳಿಯಲು ಎರಡನೆಯವರಿಲ್ಲ. ಎದುರಿಗೆ ಇರುವುದು ಅದನ್ನೇ ಕಾಯುತ್ತಾ ಬೀಡುಬಿಟ್ಟಿರುವ ವ್ಯಾಪಾರಿ. ಇಷ್ಟು ದುಡ್ಡು, ಇಷ್ಟು ತೊಲ ಬಂಗಾರ ಅಂತ ಅವನು ಹೇಳುತ್ತಾನೆ. ಒಲ್ಲೆ ಅಂದರೆ ಎಲ್ಲಿಗೆ ಹೋಗುವುದು? 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಖನಿಜ ಶೋಧಿಸುವಂತಿಲ್ಲ. ಠಾಣೆ ಮೆಟ್ಟಿಲು ಹತ್ತಲು ಇವನಿಗೇ ಹೆದರಿಕೆ. ಆ ಹೆದರಿಕೆಯೇ ವ್ಯಾಪಾರಿಯ ಬಂಡವಾಳ.

ಪನ್ನಾದಲ್ಲಿ ಬೇರೆ ಪದ್ಧತಿ ಇದೆ. ಅಲ್ಲಿ ಸರ್ಕಾರದ್ದೇ ವಜ್ರ ಕಚೇರಿ ಉಂಟು. ವರ್ಷಕ್ಕೆ 200 ರೂಪಾಯಿ ಕಟ್ಟಿದರೆ 8 ಮೀಟರ್ ಉದ್ದ, 8 ಮೀಟರ್ ಅಗಲದ ಜಾಗ ಅಗೆಯಲು ಕೊಡುತ್ತಾರೆ. ಸಿಕ್ಕ ಕಲ್ಲನ್ನು ಕಚೇರಿಗೆ ಒಪ್ಪಿಸಬೇಕು, ತೂಕ ಮಾಡಿ ಹರಾಜು ಹಾಕುತ್ತಾರೆ, ಸುಮಾರು ನೂರಕ್ಕೆ ಹನ್ನೆರಡರಷ್ಟು ರಾಜಧನವನ್ನೂ ತೆರಿಗೆಯನ್ನೂ ಕಳೆದು ಉಳಿದದ್ದನ್ನು ಸಿಕ್ಕವನಿಗೆ ಕೊಡುತ್ತಾರೆ. ಅಲ್ಲಿಯ ಕೂಲಿಗಳೆಲ್ಲ ಶ್ರೀಮಂತರಾದರು ಅಂತ ನಾನು ಹೇಳುತ್ತಿಲ್ಲ. ತೂಕ ಮಾಡುವ ಕಡೆ ಒಂದು ಸರ್ಕಾರಿ ಮೇಜಾದರೂ ಇದೆಯಲ್ಲ! ಮಳೆಗಾಲದ ಎರಡು ತಿಂಗಳಿಗಾದರೂ ಅಂಥ ಒಂದು ಮೇಜನ್ನು ತುಗ್ಗಲಿಯಲ್ಲಿ ಹಾಕಿಸಿ ಎಂದು ನಮ್ಮ ಕಡೆ ಓಟು ಕೇಳಲು ಬಂದವರ ಬಾಯಲ್ಲಿ ನಾನಂತೂ ಕೇಳಿಲ್ಲ.

ನಾನೂ ಹೋಗಿದ್ದೇನೆ, ಮುಚ್ಚಿಟ್ಟು ಏನು ಪ್ರಯೋಜನ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ನಮ್ಮ ಶಾಲೆಯ ಹುಡುಗರನ್ನು ಕರೆತರುತ್ತೇನೆ ಅಂತ ಹೇಳಿ ಹೊರಟವನು ಹೊಲಕ್ಕೆ ಇಳಿದ ಹತ್ತೇ ನಿಮಿಷದಲ್ಲಿ ತಲೆ ಬಗ್ಗಿಸಿದ್ದೆ. ಒಮ್ಮೆ ಬಗ್ಗಿದ ತಲೆ ಮೇಲೇಳುವುದಿಲ್ಲ ಕಣ್ರೀ. ಇನ್ನೊಂದು ಸಾಲು, ಇನ್ನೊಂದು ಸಾಲು ಅನ್ನುತ್ತಾ ಸಂಜೆ ಆಯಿತು. ಜೇಬಿನಲ್ಲಿ ಹದಿನಾಲ್ಕು ಕಲ್ಲು. ಅಲ್ಲೇ ಇದ್ದ ಒಬ್ಬ ಅಜ್ಜ ನನ್ನ ಕಲ್ಲಿನಿಂದ ಗಾಜಿನ ಚೂರಿನ ಮೇಲೆ ಗೀಚಿ ತೋರಿಸಿದ, "ನೋಡ್ರಿ ಸಾರ್, ಗಾಜು ಕೊಯ್ತೈತೆ, ಇದು ಅದೇ." ಕೊಯ್ಯದೇ ಏನು? ಗಾಜಿನ ಗಡಸುತನ ಸುಮಾರು 5.5, ಬೆಣಚುಕಲ್ಲಿನದು 7, ವಜ್ರದ್ದು 10. ಗಾಜನ್ನು ಬೆಣಚುಕಲ್ಲೂ ಕೊಯ್ಯುತ್ತದೆ. ಹದಿನಾಲ್ಕೂ ಬೆಣಚುಕಲ್ಲೇ, ತೆಲುಗಿನವರು ಪಲುಗು ರಾಯಿ ಅನ್ನುತ್ತಾರಲ್ಲ, ಅದು. ಇನ್ನೂ ಕೆಲವರು ಸುತ್ತಿಗೆಯಿಂದ ಹೊಡೆದು ನೋಡುತ್ತಾರೆ, ವಜ್ರ ಒಡೆಯುವುದಿಲ್ಲ ಅಂತ. ವಜ್ರ ಗಡಸು ನಿಜ, ಆದರೆ ಸುತ್ತಿಗೆ ಪೆಟ್ಟಿಗೆ ಸೀಳುತ್ತದೆ. ಹಾಗೆ ಹೊಡೆದು ನೋಡಿ ಎಷ್ಟು ಜನ ನಿಜವಾದ ಕಲ್ಲನ್ನೇ ಪುಡಿ ಮಾಡಿ ಎಸೆದರೋ!

ಆ ಹುಡುಗನ ಮನೆಗೆ ಹೋದೆ. ತಂದೆ ಬಟ್ಟೆ ಗಂಟು ತರಲು ಒಂದು ದಿನದ ಮಟ್ಟಿಗೆ ಊರಿಗೆ ಬಂದಿದ್ದ. ನಾನು ಮೇಲಿನ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಅವನು ಸಮಾಧಾನವಾಗಿಯೇ ಕೇಳಿಸಿಕೊಂಡು ಹೇಳಿದ:

"ಸಾರ್, ವಜ್ರ ಸಿಕ್ಕವ್ನನ್ನ ನಾನು ಒಬ್ಬನ್ನ ಕಣ್ಣಾರೆ ನೋಡೀನಿ. ಕನ್ನಡ ಮೀಡಿಯಂ ಓದಿ ಈ ರಾಜ್ಯದಾಗೆ ನೌಕ್ರಿ ಸಿಕ್ಕವ್ನನ್ನ ನೀವು ಒಬ್ಬನ್ನ ತೋರ್ಸ್ರಿ."

ನನ್ನನ್ನೇ ತೋರಿಸಿಕೊಳ್ಳಬಹುದಿತ್ತು. ಬಾಯಿ ಬರಲಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದಾಗಿನಿಂದ ನಮ್ಮ ಶಾಲೆಗಳಲ್ಲಿ ಓದಿದವರ ಮುಂದೆ ಈ ಪ್ರಶ್ನೆ ನಿಂತೇ ಇದೆ. ಹುಡುಗನ ತಂದೆ ದಡ್ಡನಲ್ಲ. ಅವನ ಕಣ್ಣಿಗೆ ಶಾಲೆಯೂ ಒಂದು ಲಾಟರಿ, ಹೊಲವೂ ಒಂದು ಲಾಟರಿ. ಹತ್ತು ವರ್ಷ ಕಾಯಬೇಕಾದ್ದಕ್ಕಿಂತ ಇಪ್ಪತ್ತು ದಿನದ್ದು ವಾಸಿ ಅನ್ನಿಸಿದೆ. ಟಿವಿಯವರನ್ನು ಬೈದಷ್ಟು ಸುಲಭವಾಗಿ ಇವನನ್ನು ಬೈಯಲಾರೆ. ಆದರೆ ಒಂದು ಮಾತು ಹೇಳಿಯೇ ಬಂದೆ: "ನೀನು ಹೋಗಪ್ಪಾ, ನಿನ್ನ ಇಷ್ಟ. ಮಗನನ್ನ ಅಜ್ಜಿ ಹತ್ರ ಬಿಟ್ಟು ಹೋಗು. ಅವನು ಅಲ್ಲಿ ಹುಡುಕೋದರಿಂದ ನಿನಗೆ ಎರಡು ಕಣ್ಣು ಹೆಚ್ಚಾಗತಾವ, ಅವನಿಗೆ ಒಂದು ವರ್ಷ ಕಮ್ಮಿ ಆಗ್ತದ."

ಯಾಕೆಂದರೆ ಜೂನ್ ಅಂದರೆ ಬರೀ ಜೂನ್ ಅಲ್ಲ. ಪುಸ್ತಕ ಹಂಚುವುದು, ಹೊಸ ಪಾಠಗಳ ಬುನಾದಿ, ಪಕ್ಕದ ಶಾಲೆಯವರು ಮನೆಮನೆಗೆ ಬಂದು ಮಕ್ಕಳನ್ನು ಸೇರಿಸಿಕೊಳ್ಳುವುದು ಎಲ್ಲಾ ಆಗಲೇ. ಜುಲೈಯಲ್ಲಿ ವಾಪಸು ಬಂದ ಹುಡುಗ ಹಿಂದುಳಿದಿರುತ್ತಾನೆ, ನಾಚಿಕೆಗೆ ಶಾಲೆ ಬಿಡುತ್ತಾನೆ. ಹಾಜರಿ ಪುಸ್ತಕದ ಸಂಖ್ಯೆ ನೋಡಿ ಹುದ್ದೆ ಕೊಡುವವರಿಗೆ ಇವನು ವಜ್ರಕ್ಕೆ ಹೋಗಿದ್ದಾನೆ ಅಂತ ಯಾರು ಹೇಳುವುದು? ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಒಂದೆರಡು ತಲೆ ಕಡಿಮೆಯಾದರೆ ಒಬ್ಬ ಕನ್ನಡ ಮೇಷ್ಟ್ರು ಹೋದ ಹಾಗೇ. ಹೋದವನ ಜಾಗಕ್ಕೆ ಇನ್ನೊಬ್ಬ ಬರುವುದು ನಮ್ಮ ಗಡಿಯಲ್ಲಿ ಎಷ್ಟು ಅಪರೂಪ ಅಂತ ನಿಮಗೆ ಹೇಳಬೇಕಾಗಿಲ್ಲ.

ಈಗ ನಮ್ಮ ತಪ್ಪಿಗೆ ಬರೋಣ, ಅಂದರೆ ಶಿಕ್ಷಕರದ್ದು. ಕಲ್ಲಿನ ನಾಡಿನಲ್ಲಿ ಕೂತು ನಾವು ಕಲ್ಲಿನ ಪಾಠವನ್ನು ಪುಸ್ತಕ ನೋಡಿ ಓದಿಸುತ್ತೇವೆ. ನಮ್ಮ ಗುಡ್ಡಗಳಲ್ಲಿ ಕಪ್ಪು ಬಂಡೆಯ ನಡುವೆ ಬಿಳಿ ಗೆರೆ ಎಳೆದ ಹಾಗೆ ಬೆಣಚುಕಲ್ಲಿನ ಸಾಲು ಓಡುತ್ತದೆ. ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿದರೆ ಬೆಳಕು ಬರುತ್ತದೆ ಎಂದು ಒಂದನೇ ತರಗತಿಯ ಹುಡುಗನಿಗೂ ಗೊತ್ತು. ಅದು ಯಾಕೆ ಎಂದು ಅವನು ಕೇಳಿದರೆ ನಾವು "ಕೂತ್ಕೋ" ಅನ್ನುತ್ತೇವೆ.

ನಾನು ಆ ಹದಿನಾಲ್ಕು ಕಲ್ಲುಗಳನ್ನು ಎಸೆಯದೆ ಒಂದು ಚಾಕ್‌ಪೀಸ್ ಡಬ್ಬಿಯಲ್ಲಿ ಇಟ್ಟಿದ್ದೆ. ಈ ಸಲ ತರಗತಿಗೆ ತಂದೆ. ಅದರಲ್ಲಿ ಒಂದು ಒಳ್ಳೆಯ ಹರಳು, ಆರು ಮುಖ, ತುದಿ ಚೂಪು, ಮುಖಗಳ ಮೇಲೆ ಅಡ್ಡ ಗೆರೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ಎರಡು ಮುಖಗಳ ನಡುವಿನ ಕೋನ ಅಳೆಯಲು ಹೇಳಿದೆ. 120 ಡಿಗ್ರಿ. ಇನ್ನೊಂದು ಕಡೆ ಅಳೆಯಿರಿ. ಅಲ್ಲೂ 120. ಕಡ್ಡಿಯಷ್ಟು ಸಣ್ಣ ಹರಳಾದರೂ ಒನಕೆಯಷ್ಟು ದೊಡ್ಡದಾದರೂ ಈ ಕೋನ ಬದಲಾಗುವುದಿಲ್ಲವೆಂದು ಸ್ಟೀನೋ ಎಂಬವನು 1669ರಲ್ಲೇ ತೋರಿಸಿದ್ದ. ವಜ್ರದ ಹರಳು ಹೀಗೆ ಆರು ಮುಖದ ಕಂಬವಾಗಿ ಬೆಳೆಯುವುದಿಲ್ಲ, ಸಾಮಾನ್ಯವಾಗಿ ಎರಡು ಗೋಪುರಗಳನ್ನು ಬುಡಕ್ಕೆ ಬುಡ ಅಂಟಿಸಿದಂತೆ ಎಂಟು ಮುಖ. ಆಮೇಲೆ ದೊಡ್ಡದೊಂದು ಬೆಣಚುಕಲ್ಲನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ ಅಳತೆಯ ಜಾಡಿಯ ನೀರಿಗೆ ಬಿಟ್ಟೆವು. 53 ಗ್ರಾಂ ಕಲ್ಲು 20 ಮಿಲಿ ನೀರು ಏರಿಸಿತು. ಭಾಗಿಸಿದರೆ 2.65. ವಜ್ರವಾದರೆ 3.5ರ ಮೇಲೆ ಬರಬೇಕು. ಗೋಡೆ ಗಡಿಯಾರದ ಮುಖದ ಮೇಲೆ ಕ್ವಾರ್ಟ್ಜ್ ಎಂದು ಬರೆದಿತ್ತಲ್ಲ, ಅದು ಇದೇ ಬೆಣಚುಕಲ್ಲು ಎಂದಾಗ ಮಕ್ಕಳು ನಂಬಲೇ ಇಲ್ಲ. ಕಾರ್ಖಾನೆಯಲ್ಲಿ ಬೆಳೆಸಿದ ಅದರ ಒಂದು ಸಣ್ಣ ತುಣುಕು ಸೆಕೆಂಡಿಗೆ 32,768 ಸಲ ಕಂಪಿಸಿ ಮುಳ್ಳನ್ನು ನಡೆಸುತ್ತದೆ. ಬೆಣಚುಕಲ್ಲಿನ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಗುಜರಾತಿನ ಗೋಧ್ರಾದ ಕಲ್ಲುಪುಡಿ ಕಾರ್ಖಾನೆಗಳಿಗೆ ವಲಸೆ ಹೋದ ಮಧ್ಯಪ್ರದೇಶದ ಆದಿವಾಸಿಗಳು ಹಾಗೆಯೇ ಸತ್ತರು, 2016ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಕೊಡಿಸಬೇಕಾಯಿತು ಎಂದೂ ಹೇಳಿದೆ. ವಲಸೆ ಹೋಗುವ ಮನೆಯ ಮಕ್ಕಳಿಗೆ ಅದೂ ಗೊತ್ತಿರಲಿ.

ಜೊನ್ನಗಿರಿಗೆ ಹೋಗುವವರು ಅದರ ಹತ್ತಿರದ ಯರ್ರಗುಡಿಯನ್ನು ದಾಟಿ ಹೋಗುತ್ತಾರೆ, ನಿಲ್ಲುವುದಿಲ್ಲ. ಅಲ್ಲಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, ಒಂದರಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ. ಜೊನ್ನಗಿರಿಯೇ ಅಶೋಕನ ಕಾಲದ ಸುವರ್ಣಗಿರಿ ಅನ್ನುತ್ತಾರೆ ವಿದ್ವಾಂಸರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯಿಂದ ಹೊರಟ ಆಜ್ಞೆ. ಯರ್ರಗುಡಿಯ ಶಾಸನವನ್ನು ಕಂಡು ಲೋಕಕ್ಕೆ ತಿಳಿಸಿದವರು ಒಬ್ಬ ಭೂವಿಜ್ಞಾನಿ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರನಿಗೆ. ಅವರೂ ಕಲ್ಲು ನೋಡುತ್ತಾ ತಿರುಗಿದವರೇ, ಓದಲು ಕಲಿತಿದ್ದರು ಅಷ್ಟೇ. ಕನ್ನಡ, ತೆಲುಗು ಎರಡೂ ಲಿಪಿಗಳು ಹುಟ್ಟಿದ್ದು ಆ ಬಂಡೆಯ ಮೇಲಿನ ಬ್ರಾಹ್ಮಿಯಿಂದ. ಇದನ್ನು ಹೇಳದೆ ನಾನು ಎಷ್ಟು ಜೂನ್ ಕಳೆದೆ!

ಒಂಬತ್ತರಲ್ಲಿ ಆರು ಮಂದಿ ಈಗ ಬಂದಿದ್ದಾರೆ. ಆ ಹುಡುಗ ಬಂದದ್ದು ಜುಲೈ ಮೊದಲ ವಾರ, ಬಿಸಿಲಿಗೆ ಮುಖ ಕಪ್ಪಾಗಿತ್ತು. ಕರವಸ್ತ್ರದಲ್ಲಿ ಕಟ್ಟಿ ತಂದ ಕಲ್ಲುಗಳನ್ನು ನನ್ನ ಮೇಜಿನ ಮೇಲೆ ಸುರಿದ. ಕೋನಮಾಪಕ ಕೊಟ್ಟೆ. ಅಳೆದ. ಇನ್ನೊಮ್ಮೆ ಅಳೆದ. "ಎಲ್ಲಾ ಪಲುಗು ರಾಯೀನಾ ಸಾರ್?" ಅಂದ. ಹೌದು ಅಂದೆ. ಸುಮ್ಮನೆ ಡಬ್ಬಿಯ ಮುಚ್ಚಳ ತೆಗೆದು ತನ್ನ ಕಲ್ಲುಗಳನ್ನೂ ಒಳಗೆ ಹಾಕಿ, ಯಾವ ಹೊಲದ್ದು ಅಂತ ಚೀಟಿ ಬರೆಯಲು ನನ್ನ ಪೆನ್ನು ಕೇಳಿದ. ಇನ್ನುಳಿದ ಮೂವರ ಮನೆಗೆ ಈ ಶನಿವಾರ ಹೋಗಬೇಕು.