ಪರೀಕ್ಷೆ ಎಲ್ಲ ಆಟಕ್ಕೂ ಇರಲಿ
ದುಡ್ಡು ಹೆಚ್ಚಿರುವ ಆಟಗಳೇ ಉದ್ದೀಪನ ಮದ್ದಿನ ಪರೀಕ್ಷೆಗೆ ತಡವಾಗಿ ತಲೆಬಾಗುವುದು ಅನ್ಯಾಯ. ಅಮೆರಿಕದ ಬೇಸ್‌ಬಾಲ್ ಲೀಗು ಸ್ಟೀರಾಯ್ಡ್‌ಗೆ ಶಿಕ್ಷೆ ತಂದದ್ದು 2004ರಲ್ಲಿ. ನಮ್ಮ ಕ್ರಿಕೆಟ್ ಮಂಡಳಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ‘ನಾಡಾ’ದ ವ್ಯಾಪ್ತಿಗೆ ಬರಲು ಒಪ್ಪಿದ್ದು 2019ರ ಆಗಸ್ಟ್‌ನಲ್ಲಿ. ಆದರೆ ನಮ್ಮ ಉಡುಪಿ ಕಡೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2011ರಲ್ಲೇ ಈ ಪರೀಕ್ಷೆಯ ಬೆಲೆ ತೆತ್ತರು. ಹಿಂದಿನ ವರ್ಷವಷ್ಟೇ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ, ಗ್ವಾಂಗ್‌ಝೌ ಏಷ್ಯನ್ ಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದು ನಾಡಿನ ಮನೆಮಾತಾಗಿದ್ದ ಹುಡುಗಿ! ಕೋಚ್ ಕೊಟ್ಟ ಗಿಡಮೂಲಿಕೆ ಜಿನ್‌ಸೆಂಗ್‌ನಿಂದ ಸ್ಟೀರಾಯ್ಡ್ ಮೈಸೇರಿತೆಂಬ ವಾದ ಇದ್ದರೂ ನಿಷೇಧ ತಪ್ಪಲಿಲ್ಲ. ಒಂದು ವರ್ಷದ ಶಿಕ್ಷೆ 2012ರಲ್ಲಿ ಎರಡು ವರ್ಷವಾಯಿತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಮೈಯೊಳಗೆ ಹೋದದ್ದಕ್ಕೆ ಆಟಗಾರರೇ ಹೊಣೆ ಎನ್ನುವ ನಿಯಮ ಕಠಿಣ, ಆದರೆ ಅದಿಲ್ಲದೆ ಪರೀಕ್ಷೆಗೆ ಅರ್ಥವಿಲ್ಲ. ಹಾಗಾಗಿ ಹೊಣೆಯ ಪಾಠ ಬೇಗ ಶುರುವಾಗಬೇಕು. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಯಲ್ಲಿ ಮಕ್ಕಳನ್ನು ಕ್ರಿಕೆಟ್ ಕೋಚಿಂಗಿಗೆ, ಜಿಮ್ಮಿಗೆ ಕಳಿಸುವ ತಂದೆತಾಯಿಯರೇ, ಪ್ರೋಟೀನ್ ಪುಡಿಯ ಡಬ್ಬದ ಮೇಲೆ ಬರೆಯದ ಮದ್ದೂ ಒಳಗಿರಬಹುದು. ಕೋಚ್ ಹೇಳಿದರೆಂದು ಕೊಡಬೇಡಿ, ಮೊದಲು ಕ್ರೀಡಾ ವೈದ್ಯರಿಗೆ ತೋರಿಸಿ.