ಉತ್ತರವೇನೋ ಸರಿ, ಬಂದದ್ದು ಹೇಗೆ?

ಎಚ್, ಐ, ಜೆ, ಕೆ, ಎಲ್, ಎಂ, ಎನ್, ಒ. ಸುಳಿವು ಇಷ್ಟೇ, ಬೇಕಾದದ್ದು ಐದು ಅಕ್ಷರದ ಇಂಗ್ಲಿಷ್ ಪದ. ಕ್ರಿಪ್ಟಿಕ್ ಕ್ರಾಸ್‌ವರ್ಡ್ (ಒಗಟಿನ ಪದಬಂಧ) ಬಿಡಿಸುವವರ ನಡುವೆ ಬಾಯಿಂದ ಬಾಯಿಗೆ ಹರಿದು ಬಂದ ಈ ಸುಳಿವಿಗೆ ಉತ್ತರ ‘ವಾಟರ್’. ಮರುದಿನ ಪತ್ರಿಕೆಯ ಮೂಲೆಯಲ್ಲಿ ಆ ಒಂದು ಪದವನ್ನಷ್ಟೇ ಕಂಡ ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. ಎಚ್‌ನಿಂದ ಒ ತನಕ, ಅಂದರೆ ‘ಎಚ್ ಟು ಒ’, ಶಾಲೆಯಲ್ಲಿ ಕಲಿತ ನೀರಿನ ಸೂತ್ರ ಎಂದು ಯಾರಾದರೂ ಬಿಡಿಸಿ ಹೇಳಿದರೆ ನಗು ಉಕ್ಕುತ್ತದೆ. ಹೇಳದಿದ್ದರೆ, ಇದು ನಮ್ಮಂಥವರಿಗಲ್ಲ ಎಂದು ಪುಟ ಮಗುಚುತ್ತಾರೆ.

ಹೆಚ್ಚಿನ ಪತ್ರಿಕೆಗಳು ಹೇಳುವುದಿಲ್ಲ. ತಕರಾರು ಇರುವುದು ಇಲ್ಲೇ.

ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ನಲ್ಲಿ ಮೊದಲ ಪದಬಂಧ ಪ್ರಕಟಿಸಿದಾಗ ಸುಳಿವುಗಳು ನೇರವಾಗಿದ್ದವು. ಅವಕ್ಕೆ ವಕ್ರನಡೆ ಕಲಿಸಿದ್ದು ಇಂಗ್ಲೆಂಡ್. ‘ದಿ ಅಬ್ಸರ್ವರ್’ ಪತ್ರಿಕೆಯ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ‘ಟಾರ್ಕೆಮಾಡಾ’ ಎಂದು ಹೆಸರಿಟ್ಟುಕೊಂಡರು. ಅವರ ಜಾಗಕ್ಕೆ 1939ರಲ್ಲಿ ಬಂದ ಡಿ.ಎಸ್. ಮ್ಯಾಕ್‌ನಟ್ ‘ಕ್ಸಿಮೆನೆಸ್’ ಆದರು, 1972ರಲ್ಲಿ ಬಂದ ಜೊನಾಥನ್ ಕ್ರೌಥರ್ ‘ಏಝೆಡ್’ ಆದರು. ಮೂರೂ ಸ್ಪೇನಿನಲ್ಲಿ ಧರ್ಮದ ಹೆಸರಿನಲ್ಲಿ ಜನರನ್ನು ಹಿಂಸಿಸಿದ ವಿಚಾರಣಾಧಿಕಾರಿಗಳ ಹೆಸರು. ಕೊನೆಯದು ‘ಡೆಝಾ’ ಎಂಬುದನ್ನು ಹಿಂದುಮುಂದು ಮಾಡಿದ್ದು. ಓದುಗರನ್ನು ಗೋಳು ಹೊಯ್ದುಕೊಳ್ಳುವ ಆಸೆಯನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರು ಪತ್ರಿಕಾಲೋಕದಲ್ಲಿ ಬೇರೆ ಇರಲಿಕ್ಕಿಲ್ಲ! ಆದರೆ ಆಟಕ್ಕೆ ನ್ಯಾಯದ ಚೌಕಟ್ಟು ಹಾಕಿದವರೂ ಇದೇ ಕ್ಸಿಮೆನೆಸ್. 1966ರ ಅವರ ಪುಸ್ತಕದ ಪ್ರಕಾರ ಸುಳಿವಿನ ಒಂದು ತುದಿಯಲ್ಲಿ ಉತ್ತರದ ನೇರ ಅರ್ಥ ಇರಬೇಕು, ಮಿಕ್ಕದ್ದು ಅದೇ ಉತ್ತರವನ್ನು ಕಟ್ಟುವ ಅಕ್ಷರದಾಟವಾಗಬೇಕು. ಇವೆರಡರ ಹೊರತು ಒಂದು ಪದವೂ ಹೆಚ್ಚಾಗಬಾರದು. (ಮೇಲಿನ ‘ವಾಟರ್’ ಈ ಶಿಸ್ತಿಗೆ ಜಗ್ಗದ ತುಂಟ.)

ಈ ಕಲೆಯ ಮೇಲ್ಮಟ್ಟ ನೋಡಬೇಕಾದರೆ ‘ದಿ ಗಾರ್ಡಿಯನ್’ಗೆ ‘ಅರಕೇರಿಯಾ’ ಹೆಸರಿನಲ್ಲಿ ಬರೆಯುತ್ತಿದ್ದ ಪಾದ್ರಿ ಜಾನ್ ಗ್ರಹಾಂ ಅವರ ಸುಳಿವೊಂದನ್ನು ಬಿಡಿಸಬೇಕು: ‘ಪೊಯೆಟಿಕಲ್ ಸೀನ್ ಹ್ಯಾಸ್ ಸರ್‌ಪ್ರೈಸಿಂಗ್ಲಿ ಚೇಸ್ಟ್ ಲಾರ್ಡ್ ಆರ್ಚರ್ ವೆಜಿಟೇಟಿಂಗ್’. ಕಾವ್ಯದ ತಾಣವೊಂದರಲ್ಲಿ ಲಾರ್ಡ್ ಆರ್ಚರ್, ಆಶ್ಚರ್ಯವೆಂಬಂತೆ ಸಚ್ಚರಿತ್ರರಾಗಿ, ಕಾಲ ತಳ್ಳುತ್ತಿದ್ದಾರೆ ಎಂಬುದು ಮೇಲ್ನೋಟದ ಅರ್ಥ. ‘ಸರ್‌ಪ್ರೈಸಿಂಗ್ಲಿ’ ಎಂಬುದು ಮುಂದಿನ ನಾಲ್ಕು ಪದಗಳನ್ನು ಕಲಸಿಬಿಡಿ ಎಂಬ ಸನ್ನೆ. ಆ 26 ಅಕ್ಷರಗಳು ಸ್ಥಾನ ಬದಲಿಸಿದರೆ ‘ದಿ ಓಲ್ಡ್ ವಿಕರೇಜ್, ಗ್ರಾಂಟ್‌ಚೆಸ್ಟರ್’ ಬರುತ್ತದೆ. ಅದು ರೂಪರ್ಟ್ ಬ್ರೂಕ್ 1912ರಲ್ಲಿ ಬರೆದ ಕವಿತೆಯ ಹೆಸರು, ಹಾಗಾಗಿ ‘ಕಾವ್ಯದ ತಾಣ’. ಕಾದಂಬರಿಕಾರ, ರಾಜಕಾರಣಿ ಜೆಫ್ರಿ ಆರ್ಚರ್ ವಾಸ ಮಾಡಿದ್ದೂ ಅದೇ ಹೆಸರಿನ ಮನೆಯಲ್ಲಿ! ಬರೀ ಉತ್ತರ ಅಚ್ಚಾದರೆ ಓದುಗರ ಕೈಗೆ ಸಿಗುವುದು ಒಂದು ವಿಳಾಸ ಮಾತ್ರ.

ವಿವರಿಸಿದರೆ ಸ್ವಾರಸ್ಯ ಕೆಡುತ್ತದೆ ಎನ್ನುವವರಿದ್ದಾರೆ, ಹೆಚ್ಚಾಗಿ ಪಳಗಿದವರು. ಅವರು ಒಮ್ಮೆ ಗಮಕ ಸಭೆಗೆ ಹೋಗಿ ಕೂರಬೇಕು. ಗಮಕಿ ಕುಮಾರವ್ಯಾಸನ ಷಟ್ಪದಿ ಹಾಡಿದಾಗ ತೂಗದ ಎಷ್ಟೋ ತಲೆಗಳು ವ್ಯಾಖ್ಯಾನಕಾರರು ಅದನ್ನು ಬಿಡಿಸಿಟ್ಟಾಗ ತೂಗುತ್ತವೆ. ‘ಅಬ್ಸರ್ವರ್’ ಕೂಡ ಏಝೆಡ್ ಪದಬಂಧದ ಉತ್ತರಗಳ ಜತೆ ಟಿಪ್ಪಣಿ ಕೊಡುತ್ತಾ ಬಂತು, ಅದರಿಂದ ಯಾರ ಸಂತೋಷಕ್ಕೂ ಕುಂದು ಬಂದಂತಿಲ್ಲ.

ಕನ್ನಡದಲ್ಲಿ ಪದಬಂಧಕ್ಕೇನೂ ಬರವಿಲ್ಲ, ಎ.ಎನ್. ಪ್ರಹ್ಲಾದ ರಾವ್ ಒಬ್ಬರೇ ಸಾವಿರಾರು ರಚಿಸಿದ್ದಾರೆ. ಪುರಾಣ, ಸಿನಿಮಾ, ಗಾದೆಗಳ ನೇರ ಸುಳಿವುಗಳ ನಡುವೆ ಆಗೊಮ್ಮೆ ಈಗೊಮ್ಮೆ ‘ಹಿಂದುಮುಂದಾಗಿದೆ’ ಎಂಬ ಸೂಚನೆಯೂ ಇಣುಕುತ್ತದೆ. ಪೂರ್ತಿ ಒಗಟಿನ ಸುಳಿವುಗಳಿಗೆ ಇಲ್ಲಿ ಒಂದು ತೊಡಕಿದೆ. ಕಾಗುಣಿತ, ಒತ್ತಕ್ಷರ ಸಮೇತ ಒಂದು ಚೌಕಕ್ಕೆ ಒಂದು ಅಕ್ಷರ ಕೂರುವುದರಿಂದ ಇಂಗ್ಲಿಷಿನಂತೆ 26 ಅಕ್ಷರ ಕಲಸಿ ಹೊಸದು ಕಟ್ಟುವುದು ಹೆಚ್ಚುಕಡಿಮೆ ಅಸಾಧ್ಯ. ಒಡೆಯುವುದು, ತಿರುಗಿಸುವುದು ಮಾತ್ರ ಲೀಲಾಜಾಲ. ‘ಮೈಲಿಗೆಯಿಲ್ಲದ ಓಣಿಯೇ ಕೊಡಗಿನ ದೊಡ್ಡ ಊರು (4)’: ಮಡಿ, ಅದರ ಪಕ್ಕ ಕೇರಿ, ಸೇರಿದರೆ ಮಡಿಕೇರಿ. ‘ದಿನ ಹಿಂದಕ್ಕೆ ತಿರುಗಿದರೂ ಹರಿಯುವುದು ಮುಂದಕ್ಕೇ (2)’: ನದಿ. ವಿಭಕ್ತಿ ಪ್ರತ್ಯಯ ಅಡ್ಡ ಬರುತ್ತದೆ ಎಂಬ ಅಂಜಿಕೆಯೂ ಬೇಡ. ‘ನೀರು ಕುಡಿದ’, ‘ಮನೆ ಕಟ್ಟಿದ’ ಎಂದು ಪ್ರತ್ಯಯ ಬಿಟ್ಟೇ ಮಾತಾಡುವ ಭಾಷೆಯಲ್ಲಿ ಬಿಡಿ ಪದಗಳನ್ನು ಅನುಮಾನ ಬಾರದಂತೆ ವಾಕ್ಯದೊಳಗೆ ಬಚ್ಚಿಡಬಹುದು.

ಕನ್ನಡ ಪತ್ರಿಕೆಗಳು ಭಾನುವಾರದ ಪುರವಣಿಯಲ್ಲಿ ಇಂಥದ್ದೊಂದು ಪದಬಂಧಕ್ಕೆ ಜಾಗ ಕೊಡಲಿ. ಮುಂದಿನ ವಾರ ಉತ್ತರದ ಜತೆ ಪ್ರತಿ ಸುಳಿವಿಗೂ ಒಂದು ಸಾಲಿನ ಕಾರಣ ಅಚ್ಚಾಗಲಿ. ಇದರ ಲಾಭ ಬಿಡಿಸುವವರಿಗಷ್ಟೇ ಅಲ್ಲ: ಕಾರಣ ಬರೆದು ಕೊಡಲೇಬೇಕು ಎಂದಾದರೆ ರಚಿಸುವವರೂ ಅಡ್ಡಾದಿಡ್ಡಿ ಸುಳಿವು ತೇಲಿಬಿಡಲು ಹಿಂಜರಿಯುತ್ತಾರೆ. ಓಣಿ ಬೇರೆ, ಕೇರಿ ಬೇರೆ ಎಂದು ಜಗಳ ತೆಗೆಯುವ ಪತ್ರಗಳು ಬಂದೇ ಬರುತ್ತವೆ. ಅವನ್ನೂ ಅಚ್ಚು ಹಾಕಲಿ.